ನೂರ ಹದಿನೆಂಟು ದಿನ

ಮುನಿಶಾಮಪ್ಪ ಸಾರ್ ಚೀಟಿ ಎತ್ತಿಸಿದರು.
ನಾಗವೇಣಿಗೆ ಸಿಮೆಂಟು ಬಂತು, ನವಾಜನಿಗೆ ಟೈರು,
ನನಗೆ ಹಂಸತೂಲ ಟೆಕ್ಸ್‌ಟೈಲ್ಸ್ ಲಿಮಿಟೆಡ್.
ಷೇರಿನ ಮುಖಬೆಲೆ ಹತ್ತು,
ಪೇಟೆಯ ಬೆಲೆ ಮುನ್ನೂರ ನಲವತ್ತೊಂದು.
'ನಲವತ್ತು ಪುಟ, ಸ್ಪೈರಲ್ ಬೈಂಡಿಂಗು.
ಕೊನೆಯಲ್ಲಿ ಮೂರರಲ್ಲೊಂದು ಮಾತು ಇರಲೇಬೇಕು:
ಕೊಳ್ಳಿ, ಇಟ್ಟುಕೊಳ್ಳಿ, ಮಾರಿ.'

ಶಿಡ್ಲಘಟ್ಟದಲ್ಲಿ ಆ ಹೆಸರು ಯಾರಿಗೆ ಗೊತ್ತಿಲ್ಲ?
ನಮ್ಮ ಓಣಿಯ ಅರ್ಧ ರೇಷ್ಮೆ
ಏಜೆಂಟ್ ಕೇಶವಲು ಸ್ಕೂಟರಿನ ಬೆನ್ನೇರಿ
ಅಲ್ಲಿಗೇ ಹೋಗುತ್ತದೆ.
ಅಬ್ಬುವಿಗೆ ನಾನು ಹೇಳಲಿಲ್ಲ.

ರಾತ್ರಿ ಬೇಸಿನ್ನುಗಳು ತಣ್ಣಗಾದ ಮೇಲೆ
ಒಡೆದ ಗಾಜಿನ ಮೊಬೈಲಿನಲ್ಲಿ
ನೂರ ಎಂಬತ್ತಾರು ಪುಟದ ವಾರ್ಷಿಕ ವರದಿ.
ಮೊದಲ ಪುಟದಲ್ಲಿ ಸೀರೆಯುಟ್ಟ ಹುಡುಗಿ ನಗುತ್ತಾಳೆ,
ಅವಳ ಕೂದಲಲ್ಲಿ ಬೆಂದ ಹುಳದ ವಾಸನೆ ಇರಲಾರದು.
ಅಧ್ಯಕ್ಷರ ಪತ್ರ: ಪೂರೈಕೆದಾರರು ನಮ್ಮ ಕುಟುಂಬ.
ಓದಿ, ಹಳದಿ ಗೆರೆ ಎಳೆದೆ.

ಗಳಿಕೆಯ ಇಪ್ಪತ್ತೆಂಟು ಪಟ್ಟು ಬೆಲೆ ಕೊಟ್ಟು ಜನ ಕೊಳ್ಳುತ್ತಾರಂತೆ.
ಅಬ್ಬು ಹೀಗೆ ಗೂಡು ಕೊಂಡಿದ್ದರೆ
ಅಮ್ಮಿ ಮನೆಗೆ ಸೇರಿಸುತ್ತಿರಲಿಲ್ಲ.
ಐವತ್ತೆರಡು ವಾರದ ಗರಿಷ್ಠ ಬೆಲೆ
ನವೆಂಬರ್ ಹನ್ನೊಂದರಂದು.
ಅವತ್ತು ನಮ್ಮ ಮನೆಯಲ್ಲಿ ಏನಾಗಿತ್ತು?
ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.
ಬಹುಶಃ ಬೇಳೆ ಸಾರು.

ನಾಲ್ಕು ಗಂಟೆಗೆ ಒಲೆ ಹಚ್ಚಲು ಎದ್ದ ಅಬ್ಬು
ಬಾಗಿಲಲ್ಲೇ ನಿಂತು, 'ಗಟ್ಟಿಯಾಗಿ ಓದು' ಎಂದರು.
ವಹಿವಾಟು ಓದಿದೆ. ಲಾಭ ಓದಿದೆ.
ಹೊಸ ಷೋರೂಮು ಹನ್ನೆರಡು.
ಅವರು ಬುಟ್ಟಿಯಿಂದ ಒಂದು ಗೂಡು ತೆಗೆದು
ಕಿವಿಯ ಹತ್ತಿರ ಅಲ್ಲಾಡಿಸುತ್ತಾ ಕೇಳಿಸಿಕೊಂಡರು.
ನನ್ನನ್ನೋ, ಗೂಡನ್ನೋ, ತಿಳಿಯಲಿಲ್ಲ.

'ಜಾಲರಿಯ ಮೇಲೆ ಎಲ್ಲರೂ ಒಳ್ಳೇದೇ ಸುರೀತಾರೆ.
ಕೆಳಗೆ ಕೈ ಹಾಕು.
ಮಾಲು ಕೊಟ್ಟೋರಿಗೆ ದುಡ್ಡು
ಎಷ್ಟು ದಿನಕ್ಕೆ ಕೊಡ್ತಾರೆ?'

ನೂರ ನಲವತ್ತಮೂರನೇ ಪುಟ, ಹತ್ತೊಂಬತ್ತನೇ ಟಿಪ್ಪಣಿ,
ಇರುವೆ ಸಾಲಿನಂಥ ಅಕ್ಷರ.
ಬಾಕಿಯನ್ನು ಖರೀದಿಯಿಂದ ಭಾಗಿಸಿ
ಮುನ್ನೂರ ಅರವತ್ತೈದರಿಂದ ಗುಣಿಸಿದೆ.
ನೂರ ಹದಿನೆಂಟು.
ಹೋದ ವರ್ಷ ಎಂಬತ್ತೊಂದಿತ್ತು.
ಅಬ್ಬು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದರು,
ಪೆನ್ಸಿಲ್ಲಿನ ಸುತ್ತುಗಳನ್ನು ಬೆರಳಿಂದ ಎಣಿಸಿದರು.
'ನಮ್ಮದು ನಾಲ್ಕು ದಿನ ಜಾಸ್ತಿ.'

ಬಾಕಿ ಇನ್ನೂರ ಹದಿನಾಲ್ಕು ಪಾಯಿಂಟು ಆರು ಸೊನ್ನೆ ಕೋಟಿ.
ಆ ಸೊನ್ನೆಯೂ ದಾಟಿ,
ದುಂಡು ಮಾಡುವಾಗ ಕತ್ತರಿಸಿ ಬಿದ್ದ ಜಾಗದಲ್ಲಿ
ನಮ್ಮ ಅರವತ್ತೆರಡು ಸಾವಿರ ಮಲಗಿದೆ.
ಅದರ ಪಕ್ಕದಲ್ಲೇ ಇಲಿಯಾಸ್ ಚಾಚಾನದು,
ಎದುರು ಮನೆಯ ಯಲ್ಲಮ್ಮನದು.

ಪಠ್ಯಪುಸ್ತಕ ಹೇಳುತ್ತದೆ:
ಬಾಕಿಯ ದಿನ ಹೆಚ್ಚಾದಷ್ಟೂ
ಕಂಪನಿ ನಗದನ್ನು ಜಾಣತನದಿಂದ ಬಳಸುತ್ತಿದೆ, ಒಳ್ಳೆಯ ಲಕ್ಷಣ.
ಆರು ಅಂಕದ ಪ್ರಶ್ನೆ ಅದು.
ಹೋದ ಸೆಮಿಸ್ಟರಿನಲ್ಲಿ ಇದನ್ನೇ ಬರೆದು
ಐದೂವರೆ ತೆಗೆದಿದ್ದೆ.

'ಕೊನೆಗೆ ಏನಂತ ಬರೀತೀಯ?'
'ಇಟ್ಟುಕೊಳ್ಳಿ, ಅಂತ.'
ಅಬ್ಬು ಕೆಮ್ಮು ಬರುವವರೆಗೆ ನಕ್ಕರು:
'ಇಟ್ಕೊಂಡೇ ಇದ್ದಾರಲ್ಲಮ್ಮ!'
ಆಮೇಲೆ ನಗಲಿಲ್ಲ. ಒಲೆ ಹಚ್ಚಿದರು.
ನೀರು ಕಾದು, ಗೂಡು ಮೆತ್ತಗಾಗಿ,
ನೂರು ಎಳೆಗಳಲ್ಲಿ ಒಂದರ ತುದಿಯನ್ನು ಅವರು ಹಿಡಿಯುವಾಗ
ಹೊರಗೆ ಬೆಳಕಾಗಿತ್ತು.

ವರದಿ ತಿರುಗಿ ಬಂತು.
ಮೂವತ್ತೊಂದನೇ ಪುಟದಲ್ಲಿ ಬರೆದಿದ್ದೆ:
ಸಣ್ಣ ಬಿಚ್ಚಾಣಿಕೆದಾರರಿಗೆ
ಸರಾಸರಿಗಿಂತ ತಡವಾಗಿ ಹಣ ಸಿಗುತ್ತದೆ.
ಪಕ್ಕದಲ್ಲಿ ಸಾರ್ ಅವರ ಕೆಂಪು ಶಾಯಿ: 'ಮೂಲ?'

ಗ್ರಂಥಋಣದ ಪಟ್ಟಿಗೆ ಹದಿನಾಲ್ಕನೆಯದನ್ನು ಸೇರಿಸಿದೆ:
ಗೋಡೆ ಕ್ಯಾಲೆಂಡರ್, ನಮ್ಮ ಅಡುಗೆಮನೆ, ಶಿಡ್ಲಘಟ್ಟ.
ಪ್ರಕಾಶಕರ ಜಾಗದಲ್ಲಿ
ಅದನ್ನು ಪುಕ್ಕಟೆ ಕೊಟ್ಟ
ಔಷಧಿ ಅಂಗಡಿಯ ಹೆಸರು.